ಮೂರು ಡ್ಯಾಕ್, ಒಂದು ವೀಣೆ: ಡೇವ್, ಮೇ, ಆರ್‌ಎಂಇ ಪಕ್ಕಪಕ್ಕದಲ್ಲಿ

ಡ್ಯಾಕ್ ಅಂದರೆ ಅಂಕಿಗಳಾಗಿ ಕೂತಿರುವ ಸಂಗೀತವನ್ನು ವಿದ್ಯುತ್ ಅಲೆಯಾಗಿ ಮಾಡಿ ಆಂಪ್ಲಿಫೈಯರಿಗೆ ಕೊಡುವ ಪೆಟ್ಟಿಗೆ. ನಿಮ್ಮ ಮೊಬೈಲಿನಲ್ಲೂ, ಟಿವಿಯಲ್ಲೂ ಒಂದೊಂದು ಇದೆ. ಅದೇ ಕೆಲಸಕ್ಕೆ ಲಕ್ಷಗಟ್ಟಲೆ ಕೊಡುವವರೂ ಇದ್ದಾರೆ. ಅಷ್ಟು ದುಡ್ಡು ಕೊಟ್ಟರೆ ಕಿವಿಗೆ ನಿಜಕ್ಕೂ ಏನು ಸಿಗುತ್ತದೆ? ಮೂರು ಡ್ಯಾಕ್‌ಗಳನ್ನು ಒಂದೇ ಕೋಣೆಯಲ್ಲಿ, ಒಂದೇ ಆಂಪ್ಲಿಫೈಯರಿಗೆ ಹಾಕಿ ಕೇಳುವ ಅವಕಾಶ ಸಿಕ್ಕಿತು. ಕೇಳಿಸಿದ್ದನ್ನು ಬರೆಯುತ್ತೇನೆ.

ಒಂದು, ಇಂಗ್ಲೆಂಡಿನ ಕಾರ್ಡ್ ಎಲೆಕ್ಟ್ರಾನಿಕ್ಸ್ ಮಾಡುವ ಡೇವ್. ಎರಡು, ಚೀನಾದ ಹೋಲೋ ಆಡಿಯೋದ ಮೇ. ಮೂರು, ಜರ್ಮನಿಯ ಆರ್‌ಎಂಇ ಕಂಪನಿಯ ಎಡಿಐ-2 ಡ್ಯಾಕ್ ಎಫ್‌ಎಸ್. ಬೆಲೆಯಲ್ಲಿ ಇವು ಜೊತೆಗಾರರಲ್ಲ. ಡೇವ್ ಒಂದರ ದುಡ್ಡಿಗೆ ಆರ್‌ಎಂಇ ಐದಾರಾದರೂ ಬಂದಾವು. ಮೇ ಎರಡರ ನಡುವೆ ನಿಲ್ಲುತ್ತದೆ. ಆರ್‌ಎಂಇ ನನ್ನದು. ಮೇ ಬೆಂಗಳೂರಿನಲ್ಲಿರುವ ನನ್ನ ತಮ್ಮನದು. ಡೇವ್ ಅವನ ಸ್ನೇಹಿತರದು. ದಸರಾ ರಜೆಗೆ ಇಬ್ಬರೂ ಮೈಸೂರಿಗೆ ಬಂದಾಗ ಪೆಟ್ಟಿಗೆಗಳನ್ನೂ ಕಾರಿನಲ್ಲಿ ಹಾಕಿಕೊಂಡು ಬಂದರು.

ನಾನು ವೀಣೆ ಪಾಠ ಹೇಳುವವಳು. ಕೆಂಪು ಗಾರೆ ನೆಲದ ಹಳೇ ಮನೆ. ಪಾಠ ನಡೆಯುವ ಕೋಣೆಯಲ್ಲೇ ಸ್ಪೀಕರ್‌ಗಳೂ ಇವೆ. ಇದರಿಂದ ನನಗೊಂದು ದೊಡ್ಡ ಅನುಕೂಲ. ಇದೇ ಕೋಣೆಯಲ್ಲಿ ನನ್ನದೇ ವೀಣೆಯನ್ನು ಎರಡು ಮೈಕ್ ಇಟ್ಟು ತಮ್ಮ ರೆಕಾರ್ಡ್ ಮಾಡಿಕೊಟ್ಟಿದ್ದಾನೆ. ಆ ಫೈಲ್ 96 ಕಿಲೋಹರ್ಟ್ಸ್‌ನದು, ಅಂದರೆ ಸೆಕೆಂಡಿಗೆ 96,000 ಅಂಕಿಗಳು. ಅದನ್ನೇ ಸಿಡಿ ಮಟ್ಟಕ್ಕೆ, ಅಂದರೆ 44.1 ಕಿಲೋಹರ್ಟ್ಸ್, 16 ಬಿಟ್‌ಗೆ ಇಳಿಸಿದ ಇನ್ನೊಂದು ಪ್ರತಿಯೂ ಇದೆ. ಸ್ಪೀಕರಿನಲ್ಲಿ ಕೇಳಿದ್ದರ ಬಗ್ಗೆ ಅನುಮಾನ ಬಂದರೆ ಕೈ ಚಾಚಿ ಅದೇ ತಂತಿ ಮೀಟಿ ನೋಡಬಹುದು. ಸ್ಟುಡಿಯೋದಲ್ಲಿ ಯಾರೋ ಹಾಡಿದ ಹಾಡು ಹೇಗಿತ್ತು ಅಂತ ನಮಗೆ ಗೊತ್ತಿರುವುದಿಲ್ಲ. ನನ್ನ ವೀಣೆ ಹೇಗಿದೆ ಅಂತ ನನಗೆ ಗೊತ್ತು.

ವೀಣೆಯ ಒಂದೇ ಮೀಟಿನಲ್ಲಿ ಕೇಳುವುದಕ್ಕೆ ಬೇಕಾದಷ್ಟಿದೆ. ಮೊದಲು ಉಗುರು ತಂತಿಯನ್ನು ಬಿಡುವ ಸಣ್ಣ ಟಕ್. ಆಮೇಲೆ ಕುದುರೆಯ ಮೇಲಿನ ಲೋಹದ ತಗಡಿನಿಂದ ಏಳುವ ಝೇಂಕಾರ. ಅದರ ಕೆಳಗೆ ಕೊಡದ ಗುಂಯ್ ಅನ್ನುವ ತುಂಬು ಸದ್ದು. ಎಡಗೈ ತಂತಿಯನ್ನು ಎಳೆದು ಗಮಕ ಹಿಡಿದಾಗ ಝೇಂಕಾರದ ಬಣ್ಣ ಬದಲಾಗುತ್ತದೆ. ಬೆರಳು ಮೆಟ್ಟಿನಿಂದ ಮೆಟ್ಟಿಗೆ ಜಾರುವಾಗ ಸಣ್ಣ ಉಜ್ಜು ಸದ್ದು ಬರುತ್ತದೆ. ಮೊದಲ ತಂತಿಯಾದ ಸಾರಣಿಯನ್ನು ಮೀಟಿದರೆ ಪಕ್ಕದ ತಾಳದ ತಂತಿಗಳು ತಾವಾಗಿಯೇ ಮಿಡಿಯುತ್ತವೆ. ಡ್ಯಾಕ್‌ಗಳ ನಡುವೆ ವ್ಯತ್ಯಾಸ ಇದ್ದರೆ ಇಲ್ಲೆಲ್ಲೋ ಸಿಗಬೇಕು.

ಕೇಳುವ ಮೊದಲು ಒಂದು ಕೆಲಸ ಮಾಡಲೇಬೇಕು. ಮೂರರ ಸದ್ದಿನ ಮಟ್ಟ ಒಂದೇ ಆಗಿರಬೇಕು. ಒಂದು ಡ್ಯಾಕ್ ಅರ್ಧ ಡೆಸಿಬೆಲ್ ಜಾಸ್ತಿ ಕೊಟ್ಟರೆ ಕಿವಿಗೆ ಅದು ಜೋರು ಅನ್ನಿಸುವುದಿಲ್ಲ. ಸ್ಪಷ್ಟವಾಗಿದೆ, ತುಂಬಿ ಬಂದಿದೆ, ಜೀವ ಇದೆ ಅನ್ನಿಸುತ್ತದೆ. ಅಂಗಡಿಯಲ್ಲಿ ಕೇಳಿ ಮರುಳಾಗುವುದರಲ್ಲಿ ಅರ್ಧ ಪಾಲು ಇದೇ. ನಾವು 400 ಹರ್ಟ್ಸ್‌ನ ಒಂದೇ ಸ್ವರ ಹಾಕಿ, ಆಂಪ್ಲಿಫೈಯರಿನ ಸ್ಪೀಕರ್ ತುದಿಗೆ ಮಲ್ಟಿಮೀಟರ್ ಹಿಡಿದು ವೋಲ್ಟೇಜ್ ಸರಿ ಮಾಡಿಕೊಂಡೆವು. ಒಂದು ಡ್ಯಾಕ್‌ನಲ್ಲಿ 2 ವೋಲ್ಟ್ ಬಂದರೆ ಇನ್ನೊಂದರಲ್ಲಿ 2.02 ದಾಟಬಾರದು. ಅಷ್ಟು ಹತ್ತಿರ ಬಂದರೆ ವ್ಯತ್ಯಾಸ 0.1 ಡೆಸಿಬೆಲ್ ಒಳಗೆ ನಿಲ್ಲುತ್ತದೆ. ಆಮೇಲೆ ತಮ್ಮ ನನ್ನ ಬೆನ್ನ ಹಿಂದೆ ಕೂತು ಇನ್‌ಪುಟ್ ಬದಲಿಸುತ್ತಿದ್ದ. ಯಾವುದು ಹಾಡುತ್ತಿದೆ ಅಂತ ನನಗೆ ಹೇಳುತ್ತಿರಲಿಲ್ಲ.

ಮೊದಲು ಮೇ ಬಗ್ಗೆ ಹೇಳುತ್ತೇನೆ. ಮೂರರಲ್ಲಿ ಗುಣ ಎದ್ದು ಕಾಣುವುದು ಇದರದ್ದೇ.

ಮೇ ಎರಡು ಪೆಟ್ಟಿಗೆಗಳ ಜೋಡಿ. ಒಂದರಲ್ಲಿ ಪವರ್ ಸಪ್ಲೈ, ಇನ್ನೊಂದರಲ್ಲಿ ಡ್ಯಾಕ್. ಎರಡೂ ಒಳ್ಳೇ ಭಾರ. ಒಳಗಿರುವುದು ಆರ್-2ಆರ್ ಏಣಿ. ಒಂದು ಅಳತೆಯ ರೆಸಿಸ್ಟರ್‌ಗಳು, ಅಂದರೆ ವಿದ್ಯುತ್ತಿಗೆ ತಡೆ ಒಡ್ಡುವ ಬಿಡಿಭಾಗಗಳು, ಮತ್ತು ಅದರ ಎರಡರಷ್ಟು ಅಳತೆಯವು ಸಾಲಾಗಿ ಕೂತಿರುತ್ತವೆ. ಒಂದೊಂದು ಬಿಟ್‌ಗೆ ಒಂದೊಂದು ಸ್ವಿಚ್. ಮೇಲಿನ ಬಿಟ್ ಅರ್ಧ ವೋಲ್ಟೇಜ್ ಕೊಟ್ಟರೆ ಅದರ ಕೆಳಗಿನದು ಕಾಲು, ಅದರ ಕೆಳಗಿನದು ಅರೆಕಾಲು, ಹೀಗೆ ಇಳಿಯುತ್ತದೆ. 16 ಬಿಟ್ ಆದರೆ 65,536 ಮೆಟ್ಟಿಲು. 24 ಬಿಟ್ ಆದರೆ 1,67,77,216. ಇಷ್ಟು ಮೆಟ್ಟಿಲುಗಳನ್ನು ಸಮವಾಗಿ ಇಡಬೇಕಾದರೆ ಹತ್ತು ಸಾವಿರಕ್ಕೆ ಒಂದರಷ್ಟು ನಿಖರವಾದ ರೆಸಿಸ್ಟರ್ ಕೂಡ ಸಾಲದು. ಮೇ ವಿನ್ಯಾಸ ಮಾಡಿದ ಜೆಫ್ ಝು ಅದಕ್ಕಾಗಿ ಏಣಿಯ ಜೊತೆಗೆ ತಪ್ಪು ಸರಿದೂಗಿಸುವ ಇನ್ನೊಂದು ರೆಸಿಸ್ಟರ್ ಜಾಲ ಇಟ್ಟಿದ್ದಾರೆ. ಬಹಳ ಒಳ್ಳೆಯ ಕೆಲಸ ಅದು. ಏಣಿ ಡ್ಯಾಕ್‌ನಲ್ಲಿ ಡಿಸ್ಟಾರ್ಷನ್, ಅಂದರೆ ಸದ್ದು ಕೆಡುವುದು, ಜಾಸ್ತಿ ಅನ್ನುವ ಮಾತನ್ನು ಮೇ ಸುಳ್ಳು ಮಾಡಿದೆ.

ಮೇಯಲ್ಲಿ ಎನ್‌ಒಎಸ್ ಅಂತ ಒಂದು ಮೋಡ್ ಇದೆ. ಅಂದರೆ ಓವರ್‌ಸ್ಯಾಂಪ್ಲಿಂಗ್ (ಅಂಕಿಗಳ ನಡುವೆ ಹೊಸ ಅಂಕಿಗಳನ್ನು ಲೆಕ್ಕ ಹಾಕಿ ತುಂಬುವುದು) ಇಲ್ಲ. ಸಿಡಿಯಲ್ಲಿ ಸೆಕೆಂಡಿಗೆ 44,100 ಅಂಕಿಗಳಿವೆ, ಅಲ್ವಾ? ಎನ್‌ಒಎಸ್‌ನಲ್ಲಿ ಒಂದು ಅಂಕಿ ಬಂದರೆ ಮುಂದಿನದು ಬರುವವರೆಗೂ ವೋಲ್ಟೇಜ್ ಅಲ್ಲೇ ನಿಂತಿರುತ್ತದೆ. ನಡುವೆ ಲೆಕ್ಕ ಹಾಕಿ ತುಂಬುವ ಡಿಜಿಟಲ್ ಫಿಲ್ಟರ್ ಇರುವುದಿಲ್ಲ. ಹೀಗೆ ನಿಲ್ಲಿಸುವುದಕ್ಕೆ ಒಂದು ಬೆಲೆ ತೆರಬೇಕು. ಮೇಲಿನ ಸ್ವರಗಳ ಸದ್ದಿನ ಮಟ್ಟ ಸ್ವಲ್ಪ ಸ್ವಲ್ಪವಾಗಿ ಇಳಿಯುತ್ತದೆ. 10 ಕಿಲೋಹರ್ಟ್ಸ್‌ನಲ್ಲಿ ಮುಕ್ಕಾಲು ಡೆಸಿಬೆಲ್ ಕಮ್ಮಿ. 15ರಲ್ಲಿ 1.7. 20ಕ್ಕೆ ಹೋಗುವಾಗ 3 ಡೆಸಿಬೆಲ್‌ಗಿಂತ ಜಾಸ್ತಿ. ಇದು ಯಾರ ಅಭಿಪ್ರಾಯವೂ ಅಲ್ಲ, ಬರೀ ಲೆಕ್ಕ.

ಈಗ ಕಿವಿಗೆ ಬರೋಣ. ಸಿಡಿ ಮಟ್ಟದ ಫೈಲು, ಮೇ ಎನ್‌ಒಎಸ್‌ನಲ್ಲಿ.

"ಅಕ್ಕಾ, ಇದು ಯಾವುದು ಹೇಳು?"

"ಮೇ."

"ಹೇಗೆ ಹೇಳಿದೆ?"

"ತಂಬೂರಿ ನೋಡೋ."

ವೀಣೆಯ ಹಿಂದೆ ನುಡಿಯುವ ತಂಬೂರಿಯಲ್ಲಿ ಅದು ತಕ್ಷಣ ಸಿಗುತ್ತದೆ. ತಂತಿಯ ಕೆಳಗೆ ಕುದುರೆಯ ಮೇಲೆ ಹತ್ತಿಯ ದಾರ ಇಟ್ಟು ಜೀವ ಕೊಡುತ್ತೇವಲ್ಲ, ಆ ದಾರ ಸರಿಯಾದ ಜಾಗಕ್ಕೆ ಬಂದಾಗ ಝೇಂಕಾರದ ಮೇಲ್ಪದರ ಅರಳುತ್ತದೆ. ಮೇಯಲ್ಲಿ ದಾರ ಕೂದಲೆಳೆಯಷ್ಟು ಸರಿದ ಹಾಗೆ ಕೇಳಿಸಿತು. ಝೇಂಕಾರ ಇದೆ, ಆದರೆ ಮೇಲಿನ ಮಿರುಗು ಸ್ವಲ್ಪ ಇಳಿದಿದೆ. ವೀಣೆಯಲ್ಲಿ ಉಗುರಿನ ಟಕ್ ಮೆತ್ತಗಾಗುತ್ತದೆ, ಕೊಡದ ಸದ್ದು ಮುಂದೆ ಬಂದ ಹಾಗಾಗುತ್ತದೆ. ಕೇಳಲು ಹಿತ. ತುಂಬಾ ಹಿತ. ಗಂಟೆಗಟ್ಟಲೆ ಕೂತರೂ ಕಿವಿ ದಣಿಯುವುದಿಲ್ಲ. ಪಕ್ಕದಲ್ಲಿರುವ ನನ್ನ ವೀಣೆ ಮಾತ್ರ ಹಾಗಿಲ್ಲ. ಅದರ ಟಕ್ ಇನ್ನೂ ಚುರುಕು.

ಈ ಹಿತಕ್ಕೆ ಕಾರಣ ಏಣಿಯೋ, ಎನ್‌ಒಎಸ್ಸೋ? ಮೇಯಲ್ಲಿ ಇದನ್ನು ಪರೀಕ್ಷೆ ಮಾಡುವುದು ಸುಲಭ. ಅದೇ ಪೆಟ್ಟಿಗೆ, ಅದೇ ಏಣಿ ಇಟ್ಟುಕೊಂಡು ಮೋಡ್ ಮಾತ್ರ ಬದಲಿಸಿ ಓವರ್‌ಸ್ಯಾಂಪ್ಲಿಂಗ್ ಹಾಕಿದೆವು. ತಂಬೂರಿಯ ಮಿರುಗು ವಾಪಸ್ ಬಂತು. ಆಮೇಲೆ ಯಾವುದು ಮೇ, ಯಾವುದು ಆರ್‌ಎಂಇ ಅಂತ ನನಗೆ ನಂಬಿಕೆಯಿಂದ ಹೇಳಲು ಆಗಲಿಲ್ಲ. ಇನ್ನೊಂದು ಪರೀಕ್ಷೆ ಇನ್ನೂ ಚೆನ್ನಾಗಿತ್ತು. ಮೋಡನ್ನು ಎನ್‌ಒಎಸ್‌ಗೇ ಬಿಟ್ಟು ಫೈಲ್ ಮಾತ್ರ ಬದಲಿಸಿದೆವು, 96 ಕಿಲೋಹರ್ಟ್ಸ್‌ನ ಮೂಲ ಪ್ರತಿ ಹಾಕಿದೆವು. ಅಂಕಿಗಳು ಎರಡು ಪಟ್ಟಿಗಿಂತ ಜಾಸ್ತಿ ಹತ್ತಿರ ಇರುವುದರಿಂದ 20 ಕಿಲೋಹರ್ಟ್ಸ್‌ನಲ್ಲಿ ಆಗುವ ಇಳಿತ 0.6 ಡೆಸಿಬೆಲ್ ಮಾತ್ರ. ಆಗಲೂ ಮೆತ್ತನೆಯ ಗುಣ ಮಾಯ. ಏಣಿಗೆ ಅದರದೇ ಬೆಚ್ಚನೆಯ ನಾದ ಇದೆ ಅಂತ ಬಹಳ ಜನ ಹೇಳುತ್ತಾರೆ. ಈ ಕೋಣೆಯಲ್ಲಿ ನಾನು ಕೇಳಿದ ಮಟ್ಟಿಗೆ ಆ ನಾದ ರೆಸಿಸ್ಟರ್‌ನಲ್ಲಿ ಇಲ್ಲ, ಫಿಲ್ಟರ್ ಇಲ್ಲದಿರುವುದರಲ್ಲಿ ಇದೆ.

ಹಾಗಂತ ಎನ್‌ಒಎಸ್ ಬೇಡ ಅನ್ನುತ್ತಿಲ್ಲ. ನನ್ನ ಬಳಿ ದೊರೆಸ್ವಾಮಿ ಅಯ್ಯಂಗಾರರ ವೀಣೆಯ ಹಳೆಯ ಟೇಪುಗಳಿಂದ ಇಳಿಸಿದ ಪ್ರತಿಗಳಿವೆ. ಟೇಪಿನ ಶ್ಶ್ ಸದ್ದು ಎಲ್ಲದರಲ್ಲೂ ಇದೆ. ಹಳೆಯ ಕನ್ನಡ ಸಿನಿಮಾ ಹಾಡುಗಳಲ್ಲಿ ಎಸ್. ಜಾನಕಿಯವರ ಧ್ವನಿ ತಾರಕಕ್ಕೆ ಹೋದಾಗ ಎಷ್ಟೋ ಪ್ರತಿಗಳಲ್ಲಿ ಸಕಾರಗಳು ಚುಚ್ಚುತ್ತವೆ. ಅದು ಅವರ ಧ್ವನಿಯ ತಪ್ಪಲ್ಲ, ಪ್ರತಿ ಮಾಡಿದವರದು. ಇಂಥವಕ್ಕೆ ಎನ್‌ಒಎಸ್ ಹೇಳಿ ಮಾಡಿಸಿದ ಹಾಗಿದೆ. ಶ್ಶ್ ಹಿಂದೆ ಸರಿಯುತ್ತದೆ, ಧ್ವನಿ ಮಾತ್ರ ಉಳಿಯುತ್ತದೆ. ನಿಮ್ಮ ಸಂಗ್ರಹದಲ್ಲಿ ಮುಕ್ಕಾಲು ಪಾಲು ಹಳೆಯದೇ ಇದ್ದರೆ, ದುಡ್ಡೂ ಇದ್ದರೆ, ಮೇ ಕೊಂಡು ಸುಖವಾಗಿರಬಹುದು.

ಇನ್ನು ಡೇವ್. 2015ರಲ್ಲಿ ಬಂದದ್ದು. ಇಷ್ಟು ವರ್ಷ ಆದಮೇಲೂ ಜನ ಅದರ ಬಗ್ಗೆ ಮಾತಾಡುತ್ತಾರೆ ಅಂದರೆ ಸುಮ್ನೆ ಅಲ್ಲ. ನೋಡಲು ದಪ್ಪ ಅಲ್ಯೂಮಿನಿಯಂ ತುಂಡು, ಮೇಲೆ ಹಡಗಿನ ಕಿಟಕಿಯಂಥ ದುಂಡನೆಯ ಬಣ್ಣದ ಪರದೆ. ಇದರಲ್ಲಿ ಅಂಗಡಿಯಲ್ಲಿ ಸಿಗುವ ಸಿದ್ಧ ಡ್ಯಾಕ್ ಚಿಪ್ ಇಲ್ಲ. ವಿನ್ಯಾಸಕಾರ ರಾಬ್ ವಾಟ್ಸ್ ಇಡೀ ಲೆಕ್ಕವನ್ನು ಎಫ್‌ಪಿಜಿಎ ಅನ್ನುವ, ನಮಗೆ ಬೇಕಾದ ಹಾಗೆ ಜೋಡಿಸಿಕೊಳ್ಳಬಹುದಾದ ಚಿಪ್‌ನಲ್ಲಿ ತಾವೇ ಬರೆದಿದ್ದಾರೆ. ಅವರ ದಾರಿ ಮೇ ಎನ್‌ಒಎಸ್‌ಗೆ ಪೂರ್ತಿ ಉಲ್ಟಾ. ಅಲ್ಲಿ ಫಿಲ್ಟರೇ ಬೇಡ, ಇಲ್ಲಿ ಫಿಲ್ಟರ್ ಎಷ್ಟು ಉದ್ದ ಇದ್ದರೂ ಸಾಲದು. ಎರಡು ಅಂಕಿಗಳ ನಡುವಿನ ಅಲೆ ಹೇಗಿತ್ತು ಅಂತ ಕಂಡುಹಿಡಿಯಲು ಅಕ್ಕಪಕ್ಕದ ಎಷ್ಟು ಅಂಕಿಗಳನ್ನು ನೋಡುತ್ತೀರೋ ಅಷ್ಟು ನಿಖರ. ಸಿದ್ಧಾಂತದ ಪ್ರಕಾರ ಪೂರ್ತಿ ನಿಖರತೆಗೆ ಕೊನೆಯೇ ಇಲ್ಲದ ಫಿಲ್ಟರ್ ಬೇಕು. ಡೇವ್‌ನಲ್ಲಿ ಸುಮಾರು 1,64,000 ಟ್ಯಾಪ್‌ಗಳಿವೆ, ಅಂದರೆ ಅಷ್ಟು ಉದ್ದದ ಲೆಕ್ಕ. ಸದ್ದು ಎಲ್ಲಿ ಶುರುವಾಯಿತು ಅನ್ನುವ ಕ್ಷಣ ಸರಿಯಾಗಿ ಬಂದರೆ ವಾದ್ಯದ ನಾದ, ದೂರ ಎಲ್ಲವೂ ಸರಿಯಾಗುತ್ತದೆ ಅನ್ನುವುದು ವಾಟ್ಸ್ ಅವರ ವಾದ.

ನನ್ನ ವೀಣೆಯ ಫೈಲ್‌ನಲ್ಲಿ ಡೇವ್ ಮತ್ತು ಆರ್‌ಎಂಇ ನಡುವೆ, ಬೆನ್ನ ಹಿಂದೆ ಬದಲಿಸಿದಾಗ, ನನಗೆ ಗೆರೆ ಎಳೆಯಲು ಆಗಲಿಲ್ಲ. ಎರಡರಲ್ಲೂ ಉಗುರಿನ ಟಕ್ ಚುರುಕಾಗಿದೆ. ಎರಡರಲ್ಲೂ ತಾಳದ ತಂತಿಯ ಮಿಡಿತ ಸ್ಪಷ್ಟ. ಒಂಟಿ ಗಾಯಕಿಯ ಧ್ವನಿಯಲ್ಲೂ ಹಾಗೇ. ಡೇವ್‌ನ ಮಾಲೀಕರು ಪಕ್ಕದಲ್ಲೇ ಕೂತಿದ್ದರು. ಅವರೂ ಕಣ್ಣು ಮುಚ್ಚಿ ಪ್ರಯತ್ನ ಮಾಡಿದರು, ಅವರಿಗೂ ಕಷ್ಟವಾಯಿತು. ದೊಡ್ಡ ಮನಸ್ಸಿನವರು, ಬೇಜಾರು ಮಾಡಿಕೊಳ್ಳಲಿಲ್ಲ.

ಡೇವ್ ತನ್ನ ಗುಣ ತೋರಿದ್ದು ಸಂಗೀತ ಸಭೆಯಲ್ಲಿ ನೇರವಾಗಿ ರೆಕಾರ್ಡ್ ಮಾಡಿದ ತನಿ ಆವರ್ತನದಲ್ಲಿ, ಅಂದರೆ ಲಯವಾದ್ಯಗಳು ಮಾತ್ರ ನುಡಿಯುವ ಭಾಗದಲ್ಲಿ. ಮೃದಂಗ, ಘಟ, ಖಂಜಿರ ಮೂರೂ ಸೇರಿ ಕೊನೆಯ ಕೋರ್ವೆಗೆ ಬರುತ್ತವೆ, ಮುಗಿದ ಕೂಡಲೇ ಚಪ್ಪಾಳೆ. ಚಪ್ಪಾಳೆ ಬಹಳ ಕಷ್ಟದ ಪರೀಕ್ಷೆ. ನೂರಾರು ಕೈ, ಒಂದೊಂದೂ ಚೂಪಾದ ಸದ್ದು, ಒಂದಕ್ಕೊಂದು ಸೇರದೆ ಬರಬೇಕು. ಡೇವ್‌ನಲ್ಲಿ ಮುಂದಿನ ಸಾಲಿನ ಚಪ್ಪಾಳೆ ಹತ್ತಿರ, ಹಿಂದಿನದು ದೂರ ಅನ್ನುವುದು ಸ್ವಲ್ಪ ಹೆಚ್ಚು ನಿಚ್ಚಳ. ಘಟದ ಮೇಲೆ ಬೆರಳುಗಳು ಬೇಗ ಬೇಗ ಓಡುವಾಗ ಒಂದೊಂದು ಪೆಟ್ಟು ಬಿಡಿಬಿಡಿಯಾಗಿ ನಿಲ್ಲುತ್ತದೆ. ಮೃದಂಗದ ಎಡಗಡೆಯ ಗುಮಕಿ ಎಲ್ಲಿ ಶುರುವಾಗಿ ಎಲ್ಲಿಗೆ ಜಾರಿತು ಅನ್ನುವುದನ್ನು ಹಿಂಬಾಲಿಸಬಹುದು. ಹೆಡ್‌ಫೋನ್‌ನಲ್ಲಿ ಇದು ಇನ್ನೂ ಸುಲಭವಾಗಿ ಕೇಳಿಸುತ್ತದೆ. ಡೇವ್‌ನ ಮುಂಭಾಗದಲ್ಲೇ ಹೆಡ್‌ಫೋನ್ ಜಾಕ್ ಇದೆ, ಸೆನ್‌ಹೈಸರ್ ಎಚ್‌ಡಿ 600 ಹಾಕಿ ಕೇಳಿದೆ. ಆರ್‌ಎಂಇಗೆ ಬದಲಿಸಿದರೆ ಚಪ್ಪಾಳೆಯ ಸಾಲುಗಳು ಸ್ವಲ್ಪ ಹತ್ತಿರ ಬರುತ್ತವೆ. ನಿಜವಾದ ವ್ಯತ್ಯಾಸವೇ ಇದು. ಆದರೆ ಚಿಕ್ಕದು. ಪಕ್ಕಪಕ್ಕದಲ್ಲಿ ಇಟ್ಟು, ಮಟ್ಟ ಸಮ ಮಾಡಿ, ಒಂದೇ ತುಣುಕನ್ನು ಮತ್ತೆ ಮತ್ತೆ ಕೇಳಿದರೆ ಸಿಗುವಷ್ಟು. ಮಾರನೇ ದಿನ ಒಂದನ್ನೇ ಕೇಳುತ್ತ ಕೂತರೆ ಇನ್ನೊಂದರ ನೆನಪೂ ಆಗುವುದಿಲ್ಲ.

ಇಷ್ಟಕ್ಕೆ ಅಷ್ಟು ದುಡ್ಡು ಕೊಡಬೇಕಾ? ಹೆಡ್‌ಫೋನ್‌ನಲ್ಲೇ ಕೇಳುವವರಾದರೆ, ಸಭೆಯ ರೆಕಾರ್ಡಿಂಗ್‌ಗಳೇ ನಿಮ್ಮ ಪ್ರಾಣವಾಗಿದ್ದರೆ, ದುಡ್ಡಿನ ಚಿಂತೆ ಇಲ್ಲದಿದ್ದರೆ, ಡೇವ್ ಅದ್ಭುತ ಯಂತ್ರ. ಸ್ಪೀಕರ್‌ನಲ್ಲಿ, ಸಾಧಾರಣ ಮನೆಯ ಕೋಣೆಯಲ್ಲಿ ಕೇಳುವವರು ಆ ದುಡ್ಡನ್ನು ಒಳ್ಳೆಯ ಸ್ಪೀಕರ್‌ಗೆ ಹಾಕಿ. ಸ್ಪೀಕರ್ ಬದಲಿಸಿದರೆ ಆಗುವ ವ್ಯತ್ಯಾಸ ಪಕ್ಕದ ಮನೆಯವರಿಗೂ ಕೇಳಿಸುತ್ತದೆ.

ಆರ್‌ಎಂಇ ನೋಡಲು ಬಡಪಾಯಿ. ಸ್ಟುಡಿಯೋ ಉಪಕರಣಗಳನ್ನು ಮಾಡುವ ಕಂಪನಿ. ಒಂದು ಅಡಿಗಿಂತ ಸಣ್ಣ ಕಪ್ಪು ಪೆಟ್ಟಿಗೆ, ಮುಂದೆ ತಿರುಗಿಸುವ ಮೂರು ಗುಂಡಿ, ಚಿಕ್ಕ ಪರದೆ. ಆ ಪರದೆಯಲ್ಲಿ ಹಾಡಿನ ಸ್ವರಗಳ ಎತ್ತರ ಕುಣಿಯುತ್ತ ಕಾಣಿಸುತ್ತದೆ, ನನ್ನ ಶಿಷ್ಯೆಯರಿಗೆ ಅದೇ ಇಷ್ಟ. ಇದರೊಳಗಿನ ಚಿಪ್ ಬಗ್ಗೆ ದೊಡ್ಡ ಕಥೆ ಇದೆ. ಜಪಾನಿನ ಎಕೆಎಂ ಕಂಪನಿಯ ನೊಬೆಒಕ ಕಾರ್ಖಾನೆಗೆ 2020ರ ಅಕ್ಟೋಬರ್‌ನಲ್ಲಿ ಬೆಂಕಿ ಬಿತ್ತು. ಜಗತ್ತಿನ ಎಷ್ಟೋ ಡ್ಯಾಕ್ ಕಂಪನಿಗಳು ಚಿಪ್ ಇಲ್ಲದೆ ಪರದಾಡಿದವು. ಆಮೇಲೆ ಆರ್‌ಎಂಇ ಅಮೆರಿಕದ ಇಎಸ್‌ಎಸ್ ಚಿಪ್‌ಗೆ ಹೋಯಿತು. ಅಂದಿನಿಂದ ಹಳೆಯ ಎಕೆಎಂ ಇರುವುದೇ ಮೃದು, ಇಎಸ್‌ಎಸ್ ಗಡಸು ಅಂತ ಹಳೆಯದನ್ನು ಹುಡುಕುವವರಿದ್ದಾರೆ. ನನ್ನದು ಹಳೆಯದು, ಎಕೆಎಂನದು. ಶಿಷ್ಯೆಯೊಬ್ಬಳು ಹೊಸದು ಕೊಂಡಳು. ಎರಡನ್ನೂ ಪಕ್ಕದಲ್ಲಿಟ್ಟು, ಒಂದೇ ಥರದ ಫಿಲ್ಟರ್ ಹಾಕಿ ಕೇಳಿದೆವು. ಏನೂ ವ್ಯತ್ಯಾಸ ಸಿಗಲಿಲ್ಲ. ಇದಕ್ಕಾಗಿ ಯಾರೂ ಹಳೆಯ ಪೆಟ್ಟಿಗೆಗೆ ಜಾಸ್ತಿ ದುಡ್ಡು ಕೊಡಬೇಡಿ.

ನಾನು ಆರ್‌ಎಂಇಯನ್ನೇ ಇಟ್ಟುಕೊಂಡಿರುವುದು ಅದರ ನಾದಕ್ಕಾಗಿ ಅಲ್ಲ. ಅದರೊಳಗಿನ ಈಕ್ವಲೈಜರ್‌ಗಾಗಿ. ಐದು ಕಡೆ, ಬೇಕಾದ ಹರ್ಟ್ಸ್‌ನಲ್ಲಿ, ಬೇಕಾದಷ್ಟು ಏರಿಸಬಹುದು, ಇಳಿಸಬಹುದು.

ನನ್ನ ಕೋಣೆಯ ಚಾವಣಿ ಒಂಬತ್ತು ಅಡಿ ಎತ್ತರ. ನೆಲಕ್ಕೂ ಚಾವಣಿಗೂ ನಡುವೆ ಸದ್ದು ಓಡಾಡಿ ತನ್ನನ್ನೇ ಹೆಚ್ಚಿಸಿಕೊಳ್ಳುವ ಸ್ವರ ಸುಮಾರು 62 ಹರ್ಟ್ಸ್ ಆಗುತ್ತದೆ. ನನ್ನ ವೀಣೆಯ ಷಡ್ಜ ಸುಮಾರು 165 ಹರ್ಟ್ಸ್. ಹಾಗಾದರೆ ಅನುಮಂದ್ರದ ತಂತಿ, ಅಂದರೆ ಕೆಳಗಿನ ಪಂಚಮ, ಎಲ್ಲಿ ಬರುತ್ತದೆ ನೋಡಿ. ಅದೂ 62ರ ಹತ್ತಿರವೇ. ಸಾಲದ್ದಕ್ಕೆ ನಾನು ಕೂರುವುದು ಚಾಪೆ ಮೇಲೆ. ಇಂಥ ಸ್ವರ ಅತಿ ಜೋರಾಗಿ ಕೇಳಿಸುವ ಜಾಗವೇ ನೆಲದ ಹತ್ತಿರ. ಕುರ್ಚಿಯ ಮೇಲೆ ಕೂತವರಿಗೆ ಇಷ್ಟು ಬಡಿಯುವುದಿಲ್ಲ. ಸ್ಪೀಕರ್‌ಗಳ ವೂಫರ್‌ಗಳೂ ನೆಲದ ಹತ್ತಿರವೇ ಇವೆ. ಪರಿಣಾಮ ಏನು ಅಂದರೆ, ಅನುಮಂದ್ರ ಮೀಟಿದಾಗಲೆಲ್ಲ ಆ ಒಂದು ಸ್ವರ ಊದಿಕೊಂಡು ಬರುತ್ತಿತ್ತು. ಮುಂದಿನ ನಾಲ್ಕು ಸ್ವರಗಳನ್ನು ಮುಚ್ಚಿಹಾಕುತ್ತಿತ್ತು. ಡೇವ್ ಹಾಕಿದರೂ ಊತ, ಮೇ ಹಾಕಿದರೂ ಊತ. ಯಾವ ಡ್ಯಾಕ್ ಬಂದರೂ ಚಾವಣಿ ಮೇಲೆ ಹೋಗುವುದಿಲ್ಲವಲ್ಲ.

ಆರ್‌ಎಂಇಯಲ್ಲಿ 62 ಹರ್ಟ್ಸ್‌ಗೆ ಗುರುತು ಇಟ್ಟು, ಕಿರಿದಾದ ಅಗಲ ಕೊಟ್ಟು, 6 ಡೆಸಿಬೆಲ್ ಇಳಿಸಿದೆ. ಅನುಮಂದ್ರ ಸರಿಯಾದ ಅಳತೆಗೆ ಬಂತು. ಅದರ ಮೇಲಿನ ಮಂದ್ರ ತಂತಿಯ ಗಮಕಗಳು ಮೊದಲ ಬಾರಿಗೆ ಬಿಡಿಯಾಗಿ ಕೇಳಿಸಿದವು. ಮೃದಂಗದ ಗುಮಕಿಯೂ ಕೂಡಲೇ ಬಿಗಿಯಾಯಿತು. ಮೂರು ಡ್ಯಾಕ್‌ಗಳ ನಡುವಿನ ಎಲ್ಲ ವ್ಯತ್ಯಾಸ ಸೇರಿಸಿದರೂ ಈ ಒಂದು ಬದಲಾವಣೆಯ ಅರ್ಧಕ್ಕೆ ಬರುವುದಿಲ್ಲ. ತಮ್ಮನ ಸ್ನೇಹಿತರು ಅದನ್ನು ಹಾಕಿ, ತೆಗೆದು, ಮತ್ತೆ ಹಾಕಿ ಕೇಳಿದರು. ಬೆಂಗಳೂರಿಗೆ ಹೊರಡುವ ಮೊದಲು ತಮ್ಮ ಮನೆಯ ಚಾವಣಿ ಎತ್ತರ ಎಷ್ಟಿರಬಹುದು ಅಂತ ಲೆಕ್ಕ ಹಾಕುತ್ತಿದ್ದರು.

ಕಡಿಮೆ ಮಟ್ಟದಲ್ಲಿ ಕೇಳುವಾಗ ತಾನಾಗಿಯೇ ಮಂದ್ರ ಮತ್ತು ತಾರಕಗಳನ್ನು ಸ್ವಲ್ಪ ಎತ್ತಿಕೊಡುವ ಲೌಡ್‌ನೆಸ್ ಕೂಡ ಆರ್‌ಎಂಇಯಲ್ಲಿದೆ. ಮನೆಯವರೆಲ್ಲ ಮಲಗಿದ ಮೇಲೆ ಕೇಳುವವರಿಗೆ ಇದು ದೊಡ್ಡ ಉಪಕಾರ. ಎನ್‌ಒಎಸ್ ಹೆಸರಿನ ಫಿಲ್ಟರ್ ಕೂಡ ನನ್ನ ಪೆಟ್ಟಿಗೆಯಲ್ಲಿದೆ. ಹಳೆಯ ಟೇಪುಗಳಿಗೆ ಅದನ್ನು ಹಾಕಿಕೊಳ್ಳುತ್ತೇನೆ. ಮೇಯಷ್ಟು ಹಿತ ಅಲ್ಲ, ಆದರೆ ಆ ದಾರಿಯದೇ. ಮೆನು ಮಾತ್ರ ಆಳ. ಕೈಪಿಡಿ ಓದದೆ ಮುಂದೆ ಹೋಗಬೇಡಿ. ಓದಲು ಒಂದು ಭಾನುವಾರ ಬೇಕು, ಆದರೆ ಅಷ್ಟು ಚೆನ್ನಾಗಿ ಬರೆದ ಕೈಪಿಡಿ ಈ ಬೆಲೆಯ ಬೇರೆ ಉಪಕರಣಗಳಲ್ಲಿ ನಾನು ನೋಡಿಲ್ಲ.

ತಮ್ಮನ ತಕರಾರು ಒಂದೇ. ಈಕ್ವಲೈಜರ್ ಬೇಕಿದ್ದರೆ ಕಂಪ್ಯೂಟರಿನ ಸಾಫ್ಟ್‌ವೇರಿನಲ್ಲೂ ಹಾಕಬಹುದು, ಆಮೇಲೆ ಮೇ ಇದ್ದರೂ ಅದೇ ಲಾಭ ಸಿಗುತ್ತದೆ ಅನ್ನುತ್ತಾನೆ. ಮಾತು ಸರಿ. ಈಗಾಗಲೇ ಮೇ ಅಥವಾ ಡೇವ್ ಇರುವವರು ಹೊಸದೇನೂ ಕೊಳ್ಳದೆ ಇವತ್ತೇ ಹಾಗೆ ಮಾಡಬಹುದು, ಮಾಡಲೇಬೇಕು. ಪಾಠದ ಕೋಣೆಯಲ್ಲಿ ಕಂಪ್ಯೂಟರ್ ಇಡುವುದು ನನಗೆ ಇಷ್ಟವಿಲ್ಲ. ನನಗೆ ಸಿಡಿ ಪ್ಲೇಯರಿನಿಂದ ನೇರವಾಗಿ ಒಂದು ಆಪ್ಟಿಕಲ್ ಕೇಬಲ್ ಎಳೆದು ಕೇಳುವ ಅಭ್ಯಾಸ. ಹಾಗೆ ಕೇಳುತ್ತಲೇ ಈಕ್ವಲೈಜರ್ ಕೂಡ ಬೇಕು ಅನ್ನುವವರಿಗೆ ಈ ಮೂರರಲ್ಲಿ ಆರ್‌ಎಂಇ ಒಂದೇ ಸರಿಹೋಗುತ್ತದೆ.